ನಾಳೆಯಪ್ಪ ಕಡಿಯದೆ ಬಿಟ್ಟ ಕೊಂಬೆ

ದಿನಗಟ್ಟಲೆ ಕಿಟಕಿ ಬಾಗಿಲು ಬಡಿದಾಡಿಸಿದ ಗಾಳಿ ಆ ಬೆಳಿಗ್ಗೆ ಯಾರೋ ಗದರಿಸಿದಂತೆ ತೆಪ್ಪಗಾಗಿತ್ತು. ತಂತಿಯ ಮೇಲಿನ ಬಟ್ಟೆಯೂ ಅಲುಗುತ್ತಿರಲಿಲ್ಲ. ಬೇಕರಿ ನಡೆಸುವ ಅತ್ತಿಗೆ ಹಿತ್ತಿಲಿಗೆ ಬಂದು ತನ್ನ ಅಂಜೂರದ ಮರದ ಬುಡ ನೋಡಿದಳು. ಬಟಾಣಿಯಷ್ಟಿದ್ದ ಕಾಯಿಗಳು ಮತ್ತೆ ಉದುರಿದ್ದವು. ಎದುರಿಗೆ ಹೊಸ ಬೇಕರಿ ಬಂದ ಮೇಲೂ ಗಿರಾಕಿಗಳು ಇವಳ ಮೆಟ್ಟಿಲು ಹತ್ತುತ್ತಿದ್ದದ್ದು ಅಂಜೂರದ ಬ್ರೆಡ್ಡಿಗಾಗಿ. ಹಣ್ಣಿಲ್ಲದಿದ್ದರೆ ಒಲೆ ಆರಿದಂತೆಯೇ.

ಗೋಡೆಯಾಚೆ ಮೈದುನನ ಮನೆ. ಗಡಿಯಾರ ರಿಪೇರಿಯವನು. ಯಾರು ಕೇಳಿದರೂ "ನಾಳೆ ಬನ್ನಿ" ಎನ್ನುವುದರಿಂದ ಊರಿಗೆಲ್ಲ ಅವನು ನಾಳೆಯಪ್ಪ. ಅವನ ಹಿತ್ತಿಲಲ್ಲೂ ಒಂದು ಅಂಜೂರ. ಕಾಯಿಯೆಲ್ಲ ಬೆಂಡು, ಒಳಗೆ ಹುಳ. ಆ ಹುಳಗಳು ಬೇಕರಿಯ ಗಾಜಿಗೆ ಮುತ್ತುತ್ತವೆಂದು ಕಳೆದ ಚಳಿಗಾಲದಲ್ಲಿ ಅತ್ತಿಗೆಯೇ ಗರಗಸ ಕೊಟ್ಟು ಕಡಿಸಿದ್ದಳು. ಒಂದು ಕೊಂಬೆ ಮಾತ್ರ ಉಳಿದಿತ್ತು. ಅದಕ್ಕಿನ್ನೂ ಆ "ನಾಳೆ" ಬಂದಿರಲಿಲ್ಲ. ಗರಗಸವೂ ವಾಪಸು ಬಂದಿರಲಿಲ್ಲ.

"ಏನಪ್ಪಾ, ಆ ಗೊಡ್ಡು ಕೊಂಬೆ ಇವತ್ತಾದ್ರೂ ಕಡೀತೀಯೋ, ಇಲ್ಲಾ ನನ್ನ ಗರಗಸ ಕೊಡ್ತೀಯೋ?"

ಮೈದುನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ. "ಕೂಗ್ಬೇಡಿ ಅತ್ತಿಗೆ, ಹೆದರ್ಕೊಂಡಾವು. ಬಂದು ನೋಡಿ."

ಅವನ ಅಂಗೈಯಲ್ಲಿ ಆ ಕೊಂಬೆಯ ಕಾಯಿ. ಅದರ ತುದಿಯ ತೂತಿನಿಂದ ಎಳ್ಳಿಗಿಂತ ಸಣ್ಣ ಕಣಜದ ಹುಳವೊಂದು, ಹಿಟ್ಟಿನ ಗಿರಣಿಯಿಂದ ಬಂದವಳಂತೆ ಮೈಯೆಲ್ಲ ಧೂಳು ಮಾಡಿಕೊಂಡು ಹೊರಬಂತು.

"ಹೂವಿನ ಧೂಳು ಇದು. ನಿಮ್ಮ ಕಾಯಿಗೂ ಹೂವು ಒಳಗೇ ಇರೋದು. ಇವಳು ಮೊಟ್ಟೆ ಇಡೋಕೆ ನುಗ್ತಾಳೆ, ರೆಕ್ಕೆ ಬಾಗಿಲಲ್ಲೇ ಕಿತ್ತುಹೋಗುತ್ತೆ. ಒಳಗೆ ಮೊಟ್ಟೆಗೆ ಜಾಗ ಸಿಗಲ್ಲ. ಧೂಳು ಉದುರಿಸಿ ಅಲ್ಲೇ ಕಣ್ಣು ಮುಚ್ತಾಳೆ. ಆಮೇಲೇ ಕಾಯಿ ನಿಲ್ಲೋದು."

"ಅಯ್ಯಯ್ಯೋ! ಇಷ್ಟು ವರ್ಷ ಜನಕ್ಕೆ ನಾನು ಹುಳ ತಿನ್ಸಿದ್ನಾ?"

"ಇಲ್ಲ, ಕಾಯಿ ಅವಳನ್ನ ಕರಗಿಸ್ಕೊಳ್ಳುತ್ತಂತೆ."

"ನಿಂಗ್ಯಾರು ಹೇಳಿದ್ದು ಇದೆಲ್ಲ?"

"ಹೋದ ವರ್ಷ ಹುಳ ಬಂತು, ಹಣ್ಣೂ ಬಂತು. ಈ ವರ್ಷ ಮರ ಕಡಿದ್ಮೇಲೆ ನಿಮ್ಮ ಗಾಜಿಗೆ ಹುಳಾನೂ ಇಲ್ಲ, ಮರದಲ್ಲಿ ಕಾಯೂ ನಿಲ್ತಿಲ್ಲ. ಅನುಮಾನ ಬಂದು ಸಸ್ಯಶಾಸ್ತ್ರದ ಮೇಷ್ಟ್ರನ್ನ ಕೇಳ್ದೆ. ಅವರ ಗಡಿಯಾರ ನನ್ನ ಹತ್ರಾನೇ ಇದೆಯಲ್ಲ, ದಿನಾ ಬರ್ತಾರೆ."

ಅತ್ತಿಗೆ ನಗು ತಡೆದುಕೊಂಡಳು. "ಹಾಗಾದ್ರೆ ಇದು ಗೊಡ್ಡಲ್ವಾ?"

"ಗಂಡು ಮರ, ಅತ್ತಿಗೆ. ಈ ಕಾಯಿಗಳನ್ನ ದಾರಕ್ಕೆ ಪೋಣಿಸಿ ನಿಮ್ಮ ಮರಕ್ಕೆ ಕಟ್ಬೇಕು."

"ಸರಿ, ಬ್ರೆಡ್ ಒಲೆಯಲ್ಲಿದೆ. ನಾಳೆ ಕಟ್ಟೋಣ."

"ನಾಳೆ ಅಂದ್ರೆ ಆಗಲ್ಲ!" ಮೈದುನ ದಿಗ್ಗನೆದ್ದ. "ಹೊರಗೆ ಬಂದ್ಮೇಲೆ ಇವಕ್ಕೆ ನಾಳೆ ಅನ್ನೋದೇ ಇಲ್ಲ. ಗಾಳಿ ಏಳೋದ್ರೊಳಗೆ, ಈಗಲೇ!"

ಆ ಬಾಯಲ್ಲಿ "ಈಗಲೇ" ಕೇಳಿ ಅತ್ತಿಗೆ ಸೂಜಿದಾರ ತಂದಳು. ಇಬ್ಬರೂ ಕಾಯಿ ಪೋಣಿಸಿ ಮರಕ್ಕೆ ಕಟ್ಟುವಷ್ಟರಲ್ಲಿ ಒಳಗೆ ಬ್ರೆಡ್ ಸೀದುಹೋಯಿತು.

ಆಮೇಲಿನ ಕೆಲಸ ಅವರಿಬ್ಬರದಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕ್ಕೂ ದೇವರು ಒಂದು ಬಾಗಿಲು ಇಟ್ಟಿರುತ್ತಾನೆ. ಅದು ಹುಡುಕಿಕೊಂಡು ಹೋಗುತ್ತದೆ. ಉದುರದೆ ಉಳಿದಿದ್ದ ಕಾಯಿಗಳು ನಿಂತವು, ದಪ್ಪಗಾದವು, ಬಿಸಿಲುಗಾಲ ಮುಗಿಯುವ ಹೊತ್ತಿಗೆ ಜೇನು ಜಿನುಗಿಸಿದವು. ಗೊಡ್ಡು ಎನ್ನುವ ಮಾತು ಮತ್ತೆ ಗೋಡೆ ದಾಟಲಿಲ್ಲ.

ಮೊದಲ ಅಂಜೂರದ ಬ್ರೆಡ್ಡನ್ನು ಅತ್ತಿಗೆ ಮೈದುನನ ಮೇಜಿನ ಮೇಲೆ, ಬಿಚ್ಚಿಟ್ಟ ಗಡಿಯಾರಗಳ ನಡುವೆ ಜಾಗ ಮಾಡಿ ಇಟ್ಟಳು. ಅವನು ಮೇಜಿನಡಿಗೆ ಬಾಗಿ, ಹಲ್ಲಿಗೆ ಎಣ್ಣೆ ಸವರಿ ಒರೆಸಿಟ್ಟಿದ್ದ ಗರಗಸ ತೆಗೆದು ಅವಳ ಕೈಗಿತ್ತ.