ಹುಳಿನೀರಿನ ಒಂಟಿ ಪ್ರೋಟೀನ್

ಅಮೃತಹಳ್ಳಿಯ ಶಶಿರೇಖಾ ಎರಡು ವರ್ಷದಿಂದ ಒಂದೇ ಪ್ರೋಟೀನಿನ ಗುಂಗಿನಲ್ಲಿದ್ದಳು. ಮೈಗೆ ಗಾಯವಾದರೆ ರಕ್ತದ ಬಿಳಿಕಣಗಳನ್ನು ಅಲ್ಲಿಗೆ ಕರೆಯುವ, ತೀರಾ ಸಣ್ಣ ಪ್ರೋಟೀನ್ ಅದು. ಯಶವಂತಪುರದ ಕಡೆಯ ಸಂಶೋಧನಾಲಯವೊಂದರಲ್ಲಿ ಆಳೆತ್ತರದ ಅಯಸ್ಕಾಂತದೊಳಗೆ ಅದನ್ನಿಟ್ಟು ಆಕಾರ ಕಂಡುಹಿಡಿಯುವುದು ಅವಳ ಪಿಎಚ್.ಡಿ. ಕೆಲಸ. ಪ್ರೋಟೀನಿನ ಒಂದೊಂದು ಕೊಂಡಿಗೆ ಒಂದೊಂದರಂತೆ ಪರದೆಯ ಮೇಲೆ ಚುಕ್ಕಿಗಳು ಮೂಡುತ್ತಿದ್ದವು. ಅವನ್ನು ನೋಡುತ್ತ ಕೂತರೆ ಊಟದ ಡಬ್ಬಿ ತೆರೆಯುವುದೂ ಮರೆತುಹೋಗುತ್ತಿತ್ತು.

2012ರ ಮಾಗಿಯಲ್ಲಿ ಅವಳ ಅಪ್ಪ ಬ್ಯಾಟರಾಯಪ್ಪನ ಕಾಲಿಗೆ ಮೊಳೆ ಚುಚ್ಚಿ ಪಾದ ಊದಿಕೊಂಡಿತು. ಬಿಸಿನೀರಿನ ಶಾಖ ಕೊಡುತ್ತಿದ್ದ ಮಗಳನ್ನು ಅವನು ಕೇಳಿದ:

"ನಿನ್ ಪ್ರೋಟೀನು ನನ್ ಕಾಲಾಗೂ ಐತೇನವ್ವಾ?"

"ಐತಪ್ಪಾ. ಅದು ಕರೆದಿದ್ದಕ್ಕೇ ಇಷ್ಟು ಊದ್ಕೊಂಡಿರೋದು."

"ಅಂಗಾರೆ ಕರೆದಿದ್ದು ಸಾಕು ಅಂತ ಯೋಳು ಅದ್ಕೆ!"

ಶಶಿರೇಖಾ ನಕ್ಕಳು. ಆದರೆ ಶಾಖ ಕೊಡುತ್ತಿದ್ದ ಕೈ ನಿಂತಿತು. ಸಂಶೋಧನಾಲಯದಲ್ಲಿ ಆ ಪ್ರೋಟೀನ್ ಇರುವುದು ಆಮ್ಲ ಬೆರೆಸಿದ ಹುಳಿನೀರಿನಲ್ಲಿ. ಅದರಲ್ಲಿ ಚುಕ್ಕಿಗಳು ಸ್ಪಷ್ಟವಾಗಿ ಬರುತ್ತವೆಂದು ಅವಳ ಗೈಡ್ ರಘುನಾಥ್ ಸರ್ ಮೊದಲಿನಿಂದ ಹಾಗೇ ಮಾಡಿಸುತ್ತಿದ್ದರು. ಆದರೆ ಅಪ್ಪನ ಕಾಲಿನಲ್ಲಿ ಹುಳಿಯೆಲ್ಲಿದೆ?

ಮರುದಿನ ಅವಳು ಮೈಯೊಳಗಿನ ಹದಕ್ಕೆ ಹೊಂದುವ ಉಪ್ಪುನೀರಿನಲ್ಲಿ ಪ್ರೋಟೀನ್ ಕರಗಿಸಿದಳು. ಒಂದು ಚುಕ್ಕಿ ಇರಬೇಕಾದ ಎಷ್ಟೋ ಕಡೆ ಎರಡೆರಡು ಬಂದವು.

"ಪ್ರೋಟೀನ್ ಮುರಿದುಹೋಗಿದೆ ಶಶಿ, ಬಿಸಾಕು," ಎಂದರು ಸರ್. ಅದು ಒಂಟಿಯಾಗಿಯೇ ಇರುತ್ತದೆಂದು ಬರೆದ ಅವರ ಲೇಖನ ಆಗಲೇ ಒಂದು ಪತ್ರಿಕೆ ಸೇರಿ, ಅಚ್ಚಿಗೆ ಸಿದ್ಧವಾಗಿತ್ತು. ಶಶಿರೇಖಾ ಮೂರು ಸಲ ಹೊಸದಾಗಿ ಪ್ರೋಟೀನ್ ಕರಗಿಸಿ ನೋಡಿದಳು. ಮೂರು ಸಲವೂ ಅದೇ ಜೋಡಿ ಚುಕ್ಕಿಗಳು.

ಮೂರನೆಯ ಸಲದ ಸಂಜೆ ಬಸ್ಸು ಕಿಕ್ಕಿರಿದಿತ್ತು. ಕಿಟಕಿ ಪಕ್ಕ ಕೂತವಳಿಗೆ ಜೊಂಪು ಹತ್ತಿತು. ಹೆಬ್ಬಾಳದ ಕೆರೆ ಹೊಂಬಣ್ಣಕ್ಕೆ ತಿರುಗಿ ಗಾಜಿನಾಚೆ ತೇಲಿದಂತೆ, ಜನರ ಮೈಗಳು ಮೆತ್ತಗಾಗಿ ಒಂದಕ್ಕೊಂದು ಸುತ್ತಿಕೊಂಡಂತೆ, ಯಾರ ತೋಳು ಯಾರದೆಂದು ತಿಳಿಯದಂತೆ ಏನೋ ಕನಸು. ಕಣ್ಣು ತೆರೆದಾಗ ಬಸ್ಸು ಅರ್ಧ ಖಾಲಿ. ಒತ್ತಿಕೊಂಡು ನಿಂತಿದ್ದವರು ಒಂದೊಂದು ಸೀಟು ಹಿಡಿದು ದೂರ ದೂರ ಕೂತಿದ್ದರು.

ಎರಡು ಚುಕ್ಕಿಗಳಲ್ಲಿ ಒಂದು ಒಂಟಿ ಪ್ರೋಟೀನಿನದು, ಇನ್ನೊಂದು ಜೊತೆಗೂಡಿದ ಪ್ರೋಟೀನಿನದೇ? ಮುರಿದದ್ದಾದರೆ ಮತ್ತೆ ಕೂಡುವುದಿಲ್ಲ. ಜೊತೆಗೂಡಿದ್ದಾದರೆ ಜಾಗ ಸಿಕ್ಕಾಗ ಬಿಡಿಯಾಗುತ್ತದೆ, ಒತ್ತಾದಾಗ ಮತ್ತೆ ಕೂಡುತ್ತದೆ. ಅವಳಿಗೆ ತನ್ನ ಸ್ಟಾಪ್ ದಾಟಿದ್ದೂ ತಿಳಿಯಲಿಲ್ಲ.

ಮರುದಿನ ಅದೇ ಪ್ರೋಟೀನಿಗೆ ಅದೇ ಉಪ್ಪುನೀರು ಬೆರೆಸಿ ತೆಳ್ಳಗೆ ಮಾಡುತ್ತಾ ಹೋದಳು. ಜೋಡಿಯಲ್ಲಿ ಒಂದೊಂದು ಚುಕ್ಕಿ ಮಸುಕಾಗಿ, ಬೆಳಗಿನ ನಕ್ಷತ್ರದಂತೆ ಕರಗಿತು. ನೀರು ಸೋಸಿ ತೆಗೆದು ಮತ್ತೆ ಗಟ್ಟಿ ಮಾಡಿದಳು. ಮಾಯವಾಗಿದ್ದ ಚುಕ್ಕಿಗಳು ಒಂದೊಂದಾಗಿ ಹಿಂದಿರುಗಿದವು. ಯಂತ್ರದ ಗುಂಯ್‌ಗುಡುವಿಕೆಯ ನಡುವೆ ಅವಳಿಗೆ ಕಣ್ಣೀರು ಬಂತು.

ರಘುನಾಥ್ ಸರ್ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದು ಚುಕ್ಕಿಯ ಮೇಲೂ ಬೆರಳಿಟ್ಟು ನೋಡಿದರು.

"ಎರಡೆರಡು ಕೈಹಿಡಿದು ನಿಲ್ತವೆ ಸರ್," ಎಂದಳು ಶಶಿರೇಖಾ. "ಹುಳಿನೀರಲ್ಲಿ ಮಾತ್ರ ಒಂಟಿ."

"ಇಷ್ಟು ದಿನ ಅದನ್ನ ಅದರ ಮನೇಲಿ ನೋಡ್ಲೇ ಇಲ್ಲ ನಾನು." ಅವರ ದನಿ ಸಣ್ಣದಾಗಿತ್ತು. "ಲೇಖನ ವಾಪಸ್ ತಗೋಬೇಕು."

"ಅಚ್ಚಾಗೋದ್ರಲ್ಲಿದೆ ಸರ್..."

"ಅದಕ್ಕೇ ಪತ್ರಿಕೆಯವರಿಗೆ ಇವತ್ತೇ ಬರೀಬೇಕು ಕಣಮ್ಮ. ಕೂತ್ಕೋ."

ಕಂಪ್ಯೂಟರಿನ ಮುಂದೆ ಅವರು ಎರಡು ಸಲ ಬರೆದು ಅಳಿಸಿದರು. ಮೂರನೆಯ ಸಲ, 'ನನ್ನ ತೀರ್ಮಾನ ತಪ್ಪಾಗಿತ್ತು; ತೋರಿಸಿಕೊಟ್ಟವಳು ನನ್ನ ವಿದ್ಯಾರ್ಥಿನಿ' ಎಂಬರ್ಥದ ಎರಡು ಸಾಲು ಮಾತ್ರ ಬರೆದು ಕಳಿಸಿಬಿಟ್ಟರು. ಹಗುರಾದವರಂತೆ ಕುರ್ಚಿಗೆ ಒರಗಿ, "ಇನ್ನು ಅವು ಯಾವ ಕಡೆಯಿಂದ ಕೈ ಹಿಡಿದಿವೆ, ಹೇಳು," ಎಂದರು.

ಅದು ಅವಳಿಗಿನ್ನೂ ಗೊತ್ತಿರಲಿಲ್ಲ. ತಿಳಿಯಲು ಮತ್ತೆ ಹದಿನಾಲ್ಕು ತಿಂಗಳು ಹಿಡಿಯಿತು.