ಎಡಕ್ಕೆ ತಿರುಗಿದ ಚಕ್ರವರ್ತಿ

ಸೂರ್ಯ ಹುಟ್ಟಿ ಎರಡು ಗಂಟೆಯಾಗಿತ್ತು. ರೋಮ್ ಸಾಮ್ರಾಜ್ಯದ ನೆಮಾಸಸ್ ಪಟ್ಟಣದ ಟಂಕಸಾಲೆಯಲ್ಲಿ ಹೊಸ ಅಚ್ಚಿನಿಂದ ಬಿದ್ದ ಮೊದಲ ನಾಣ್ಯದಲ್ಲಿ ಚಕ್ರವರ್ತಿ ಎಡಕ್ಕೆ ನೋಡುತ್ತಿದ್ದ. ನೋಡಬೇಕಾದದ್ದು ಬಲಕ್ಕೆ.

ಬಲಕ್ಕೆ ಮುಖ ಮಾಡಿದ್ದವನು ಅಗ್ರಿಪ್ಪ, ಚಕ್ರವರ್ತಿಗಾಗಿ ಯುದ್ಧಗಳನ್ನು ಗೆದ್ದುಕೊಟ್ಟ ಗೆಳೆಯ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟಿರುವುದು ಈ ನಾಣ್ಯದ ಪದ್ಧತಿ. ಜಾಗ ಮಾತ್ರ ಅದಲುಬದಲಾಗಿತ್ತು.

ಸುತ್ತಿಗೆಯವನಾದ ವೆಬ್ರು ಬಿಸಿ ನಾಣ್ಯವನ್ನು ಇಕ್ಕಳದಲ್ಲಿ ಎತ್ತಿ ಹಿಡಿದ. "ಮೇಸ್ತ್ರಿ, ಗೆಳೆಯನಿಗೆ ಬಡ್ತಿ ಕೊಟ್ಟುಬಿಟ್ರಲ್ಲ. ರೋಮ್‌ನವರನ್ನ ಒಂದು ಮಾತು ಕೇಳಿದ್ರಾ?"

ಅಚ್ಚು ಕೆತ್ತಿದ ಮೇಸ್ತ್ರಿ ಸಾಮ್ಮಸ್ ಬಾಗಿಲ ಕಡೆ ನೋಡಿದ. ಅಚ್ಚಿನಲ್ಲಿ ಎಲ್ಲವನ್ನೂ ಎಡಬಲ ತಿರುವಿ ಕೆತ್ತಬೇಕು. ಅಕ್ಷರಗಳನ್ನು ತಿರುವಿದ್ದ, ಮುಖಗಳನ್ನು ಮರೆತಿದ್ದ. ಹಿಂದಿನ ತಿಂಗಳು ಅಧಿಕಾರಿ ಸೊಲೋನಿಯಸ್ ನೇರವಾಗಿಯೇ ಹೇಳಿದ್ದ: ಇನ್ನೊಂದು ತಪ್ಪಾದರೆ ಉಳಿ ಕೆಳಗಿಟ್ಟು ಮನೆಗೆ ಹೋಗು, ಈ ಕೆಲಸಕ್ಕೆ ನನ್ನ ಭಾವಮೈದುನ ಕಾಯುತ್ತಿದ್ದಾನೆ.

"ಕರಗಿಸೋ ಅದನ್ನ, ಬೇಗ," ಎಂದ ಸಾಮ್ಮಸ್.

"ಇಪ್ಪತ್ತು ವರ್ಷ ನನಗೆ 'ಎಡ ಅಂದ್ರೆ ಬಲ ಕಣೋ' ಅಂತ ತಲೆ ತಿಂದೋರು ನೀವೇ ತಾನೆ?"

"ನಿನ್ನ ಕಾಲಿಗೆ ಬೀಳ್ತೀನಿ, ಬಾಯಿ ಮುಚ್ಚು."

"ಬೀಳಬೇಡಿ, ಸೊಂಟ ಹಿಡ್ಕೊಳ್ಳುತ್ತೆ. ಎಬ್ಬಿಸೋನೂ ನಾನೇ."

ಅಷ್ಟರಲ್ಲಿ ಸೊಲೋನಿಯಸ್ ಒಳಗೆ ಬಂದ. ನಾಣ್ಯವನ್ನು ಕಿಟಕಿಯ ಬಳಿಗೆ ಒಯ್ದು ನೋಡಿದ. "ಚಕ್ರವರ್ತಿ ಯಾಕೆ ಈ ಕಡೆ ಇದ್ದಾರೆ?"

ಸಾಮ್ಮಸ್ ಅಚ್ಚನ್ನು ಬಟ್ಟೆಯಿಂದ ಒರೆಸತೊಡಗಿದ.

"ನಂದೇ ತಪ್ಪು, ಒಡೆಯ," ಎಂದ ವೆಬ್ರು. "ಮೇಸ್ತ್ರಿ ಸರಿಯಾಗೇ ಕೆತ್ತಿದ್ರು. ಅಚ್ಚು ಕೂರಿಸುವಾಗ ನಾನು ತಿರುಗಾಮುರುಗಾ ಮಾಡ್ದೆ."

ಅಚ್ಚನ್ನು ಹೇಗೆ ತಿರುಗಿಸಿ ಕೂರಿಸಿದರೂ ನಾಣ್ಯದಲ್ಲಿ ಮುಖಗಳ ಜಾಗ ಬದಲಾಗುವುದಿಲ್ಲ. ಟಂಕಸಾಲೆಯಲ್ಲಿ ಇದು ಗೊತ್ತಿಲ್ಲದವನು ಸೊಲೋನಿಯಸ್ ಒಬ್ಬನೇ. ಗೊತ್ತಿಲ್ಲ ಎಂದು ತೋರಿಸಿಕೊಳ್ಳುವವನೂ ಅವನಲ್ಲ.

"ನನಗೆ ಮೊದಲೇ ಅನ್ನಿಸಿತ್ತು," ಎಂದು ಅವನು ತಲೆಯಾಡಿಸಿದ. "ಒಂಬತ್ತು ದಿನ ಇದ್ದಿಲು ಹೊರು. ಸುತ್ತಿಗೆ ಮುಟ್ಟಕೂಡದು."

ಅಧಿಕಾರಿ ಹೋದ ಮೇಲೆ ಸಾಮ್ಮಸ್ ವೆಬ್ರುವಿನ ಕಡೆ ತಿರುಗಿದ. "ಯಾಕೋ ಹಾಗಂದೆ?"

"ಅವನ ಭಾವಮೈದುನನ್ನ ನೋಡಿದೀರಾ? ಜೋಕು ಹೇಳಿದ್ರೆ ಅರ್ಥ ಕೇಳ್ತಾನೆ. ಅವನ ಜೊತೆ ದಿನ ಕಳೆಯೋದಕ್ಕಿಂತ ಇದ್ದಿಲೇ ವಾಸಿ," ಎನ್ನುತ್ತ ವೆಬ್ರು ಬುಟ್ಟಿ ಎತ್ತಿಕೊಂಡ.

ಮರುದಿನ ಸಂಜೆಯೊಳಗೆ ಸಾಮ್ಮಸ್ ಬೇರೆ ಅಚ್ಚು ಕೆತ್ತಿದ. ಸುತ್ತಿಗೆಯನ್ನೂ ತಾನೇ ಹಿಡಿದ. ಒಂಬತ್ತು ದಿನ ಮುಗಿಯುವವರೆಗೆ ಅವನು ಹೊಡೆದ ನಾಣ್ಯಗಳಲ್ಲಿ ಚಕ್ರವರ್ತಿ ಬಲಕ್ಕೇ ನೋಡುತ್ತಿದ್ದ. ಪೆಟ್ಟು ಓರೆಯಾಗಿ ಬಿದ್ದು, ಅರ್ಧಕ್ಕರ್ಧ ನಾಣ್ಯಗಳಲ್ಲಿ ಅವನಿಗೆ ಮೂಗಿರಲಿಲ್ಲ.