ಭಟ್ಟಿಮನೆಯ ತಂಪು ಮೂಲೆ

ಭಟ್ಟಿ ಎಷ್ಟು ಕಾದಿದೆ ಎಂದು ತಿಳಿಯಲು ಬೇಕರಿಯವನಿಗೆ ಯಂತ್ರ ಬೇಕಿರಲಿಲ್ಲ. ಬಾಗಿಲು ತೆಗೆದು ಕೈಯನ್ನು ಒಳಗೆ ಚಾಚಿ ದೇವರ ಹೆಸರು ಹೇಳುವನು. ಹೆಸರು ಮುಗಿಯುವ ಮೊದಲೇ ಕೈ ಹಿಂದಕ್ಕೆ ಬಂದರೆ ಕಾವು ಹೆಚ್ಚು. ಮುಗಿದ ಮೇಲೂ ಕೈ ಅಲ್ಲೇ ನಿಂತರೆ ಇನ್ನೆರಡು ಸೌದೆ ಬೇಕು. ಆ ಕೈಯ ಮೇಲೆ ಅವನಿಗೆ ಬಹಳ ಅಭಿಮಾನ. ಆದರೆ ಹೆಂಡತಿ ತೀರಿಕೊಂಡ ಮೇಲೆ ಕಾವಿಗಿಂತ ತಂಪಿನ ಚಿಂತೆಯೇ ಅವನಿಗೆ ದೊಡ್ಡದಾಯಿತು.

ಮಗಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಳ್ಳದೆ ಅವಳಿಗೆ ಒಂದು ದಿನವೂ ನಡೆಯದು. ಬೇಕರಿಯ ಹಿಂದೆಯೇ ಅವರ ಮನೆ. ನಡುಗೋಡೆ ಮುಟ್ಟಿದರೆ ಸದಾ ಬೆಚ್ಚಗೆ. ಅಂಥ ಮನೆಯಲ್ಲಿ ತಾಯಿ ಆ ಸೀಸೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಫ್ರಿಜ್ಜಿನ ನಡುವಿನ ಖಾನೆಯಲ್ಲಿ ಅವಕ್ಕೊಂದು ಡಬ್ಬಿ. ಬೆಣ್ಣೆಯ ಪೊಟ್ಟಣ ಅತ್ತ ಇಣುಕುವಂತಿರಲಿಲ್ಲ. ಈಗ ಆ ಕಾವಲು ಅವನ ಪಾಲಿಗೆ ಬಂದಿತ್ತು. ಹೋದವಳ ಕೆಲಸದಲ್ಲಿ ಲೋಪವಾಗಬಾರದೆಂದು ಗಳಿಗೆಗೊಮ್ಮೆ ಫ್ರಿಜ್ ತೆಗೆದು ನೋಡುತ್ತಿದ್ದ.

"ನೀನು ಹೀಗೆ ತೆಗೀತಾ ಇದ್ರೆ ಫ್ರಿಜ್ಜೇ ಭಟ್ಟಿ ಆಗುತ್ತೆ ಅಪ್ಪಾ" ಎಂದು ಮಗಳು ನಗುತ್ತಿದ್ದಳು.

ಅವಳು ಸರ್ವೆ ಕೆಲಸ ಕಲಿತು ಪಾಸಾಗಿದ್ದಳು. ಬೆಟ್ಟದಲ್ಲಿ ಹೊಸ ರಸ್ತೆಗೆ ಅಳತೆ ಹಾಕುವ ತಂಡದಿಂದ ಕರೆ ಬಂದಿತ್ತು. ತಿಂಗಳುಗಟ್ಟಲೆ ಡೇರೆಯ ವಾಸ. ಹಗಲು ತಲೆ ಸುಡುವ ಬಿಸಿಲು, ರಾತ್ರಿ ಬಕೆಟ್ಟಿನ ನೀರು ಗಟ್ಟಿಯಾಗುವ ಚಳಿ. ಫ್ರಿಜ್ಜಿನ ಮಾತೇ ಇಲ್ಲ.

"ಫ್ರಿಜ್ ಇಲ್ಲದ ಕಡೆ ನೀನೂ ಇಲ್ಲ" ಎಂದು ಅಪ್ಪ ಒಂದೇ ಮಾತಿಗೆ ಮುಗಿಸಿಬಿಟ್ಟಿದ್ದ. ಮಗಳು ಜಗಳವಾಡಲಿಲ್ಲ. ಅದು ಅವನಿಗೆ ಜಗಳಕ್ಕಿಂತ ಹೆಚ್ಚು ಚುಚ್ಚಿತು. ತಂಡದ ಮುಖ್ಯಸ್ಥರಿಗೆ ಉತ್ತರ ಹೇಳಲು ಆ ವಾರವೇ ಕೊನೆ.

ಆ ವಾರವೇ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಹೋಯಿತು. ನಾಳೆ ಬರುತ್ತದೆ ಎಂದರು. ನಾಳೆಯೂ ಅದನ್ನೇ ಹೇಳಿದರು. ಬೇಸಿಗೆ ನೆತ್ತಿಯ ಮೇಲೆ ಕುಳಿತಿತ್ತು. ಬೇಕರಿಯವನು ಓಡಿಹೋಗಿ ಐಸ್ ಗಡ್ಡೆ ಹೊತ್ತು ತಂದ. ಹಿಂದೆ ಅಂಗಡಿಯಲ್ಲಿ ಐಸ್‌ಕ್ರೀಮ್ ಮಾಡಿ ಮಾರಿದವನು. ಕಲ್ಲುಪ್ಪು ಬೆರೆಸಿದರೆ ಐಸಿನ ತಂಪು ಇನ್ನೂ ಏರುತ್ತದೆಂದು ಅವನಿಗೆ ಗೊತ್ತು. ಒಡೆದ ಐಸಿಗೆ ಹಿಡಿ ಹಿಡಿ ಉಪ್ಪು ಸುರಿದು, ಇನ್ನೂ ಬಳಸದ ಹೊಸ ಸೀಸೆಗಳನ್ನೆಲ್ಲ ಅದರ ಹೊಟ್ಟೆಯಲ್ಲಿ ಹೂತು, ಪೆಟ್ಟಿಗೆಯ ಮುಚ್ಚಳ ಬಿಗಿದ. ಮನೆಯಲ್ಲೇ ಇದ್ದ ಅವನ ಅಕ್ಕ ಕುಡಿಯಲು ಒಂದು ಚೂರು ಐಸ್ ಕೇಳಿದರೂ ಕೊಡಲಿಲ್ಲ.

"ಸೂರ್ಯದೇವನೇ ಇಳಿದು ಬಂದರೂ ಇದನ್ನು ಮುಟ್ಟೋಕಾಗಲ್ಲ" ಎಂದು ಎದೆಯುಬ್ಬಿಸಿ ಹೇಳಿದ.

ಮರುದಿನ ಬೆಳಿಗ್ಗೆ ಮಗಳು ಮುಚ್ಚಳ ತೆಗೆದಳು. ಒಂದು ಸೀಸೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ಒಳಗಿನದು ಅಲ್ಲಾಡಲಿಲ್ಲ. ಉಳಿದವೂ ಹಾಗೆಯೇ, ಕಲ್ಲಾಗಿದ್ದವು.

"ಅಪ್ಪಾ, ಇವೆಲ್ಲ ಹೋದವು."

"ಹೋಗೋದೇನು? ಹೆಪ್ಪುಗಟ್ಟಿದೆ ಅಷ್ಟೇ. ಈಸ್ಟ್ ನೋಡಿಲ್ವಾ? ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಸತ್ತ ಹಾಗೆ ಬಿದ್ದಿರುತ್ತೆ. ಬೆಚ್ಚಗಿನ ನೀರಿಗೆ ಹಾಕಿದ್ರೆ ಎದ್ದು ಕೂತು ನೊರೆ ಉಕ್ಕಿಸುತ್ತೆ. ತಾ ಇಲ್ಲಿ." ಸೀಸೆಯೊಂದನ್ನು ಭಟ್ಟಿಯ ಪಕ್ಕದ ಕಟ್ಟೆಯ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಅದು ಕರಗಿ ನೀರಿನಷ್ಟು ತಿಳಿಯಾಯಿತು. "ನೋಡು! ಹೊಸದರ ಹಾಗೇ ಇದೆ."

"ನೋಡೋಕೆ ಹಾಗೇ ಇರುತ್ತೆ. ಒಂದು ಸಲ ಹೆಪ್ಪುಗಟ್ಟಿದ್ದು ಕೆಟ್ಟಿತು ಅಂತಲೇ ಲೆಕ್ಕ. ಕರಗಿದರೂ ಚುಚ್ಚಿಕೊಳ್ಳಬಾರದು."

ಅಕ್ಕ ತಮ್ಮನ ಪರ ನಿಂತಳು. "ಏನೇ ಚೂಟಿ, ನಿಮ್ಮಪ್ಪ ಬೆವರು ಸುರಿಸಿ ತಂದಿದ್ದಾನೆ. ಒಂದು ಸಲ ಹಾಕ್ಕೊಂಡು ನೋಡಿದ್ರೆ ಏನು ಗಂಟು ಹೋಗುತ್ತೆ?"

"ನೋಡೋದಾ ಅತ್ತೆ? ಅಪ್ಪನ ಹಿಟ್ಟು ಉಬ್ಬದಿದ್ರೆ ಒಂದು ಹಲಗೆ ಬ್ರೆಡ್ ಹಾಳಾಗುತ್ತೆ. ಇದು ಕೆಲಸ ಮಾಡದಿದ್ರೆ ಹಾಳಾಗೋದು ನಾನು."

ಭಟ್ಟಿಯೊಳಗೆ ಸೌದೆ ಚಿಟಪಟ ಎನ್ನುತ್ತಿತ್ತು. ಬೇಕರಿಯವನು ಕರಗಿದ ಸೀಸೆಯನ್ನು ಕಟ್ಟೆಯಿಂದ ತೆಗೆದು ಕಸದ ಬುಟ್ಟಿಗೆ ಹಾಕಿದ. ಕಾಪಾಡಲು ಹೋಗಿ ತಾನೇ ಕೆಡಿಸಿದೆನಲ್ಲ ಎಂದು ಆಗ ಹೊಳೆಯಿತು. "ಹಾಗಾದ್ರೆ ಇವತ್ತಿನದಕ್ಕೆ ಏನು ಮಾಡ್ತೀಯಾ, ಮಗಳೇ?"

"ಬಾ, ತೋರಿಸ್ತೀನಿ."

ಭಟ್ಟಿಗೆ ದೂರವಾಗಿ, ಮನೆಯ ಹಿಂದಿನ ನೆರಳಿನ ಓಣಿಯಲ್ಲಿ ಸದಾ ಗಾಳಿ ಹರಿಯುವ ಮೂಲೆಯೊಂದಿತ್ತು. ಅಲ್ಲಿ ಎರಡಿಟ್ಟಿಗೆಯ ಮೇಲೆ ಒಂದು ಸಣ್ಣ ಮಣ್ಣಿನ ಮಡಕೆ. ಸುತ್ತಲೂ ಒದ್ದೆ ಬಟ್ಟೆ. ಒಳಗೆ ನೀರು ತಾಗದ ಡಬ್ಬಿ. ಡಬ್ಬಿಯಲ್ಲಿ ಅವಳು ಈಗ ಬಳಸುತ್ತಿದ್ದ ಸೀಸೆ, ಜೊತೆಗೊಂದು ಪುಟ್ಟ ಥರ್ಮಾಮೀಟರ್. ಕರೆಂಟ್ ಹೋದ ದಿನವೇ ಅವಳು ಇದನ್ನು ಇಲ್ಲಿ ತಂದಿಟ್ಟು, ಬಟ್ಟೆ ಒಣಗಿದಂತೆಲ್ಲ ನೀರು ಚಿಮುಕಿಸುತ್ತಿದ್ದಳು.

"ಬಳಸೋಕೆ ಶುರು ಮಾಡಿದ ಸೀಸೆಗೆ ಫ್ರಿಜ್ಜೇ ಆಗಬೇಕು ಅಂತಿಲ್ಲ ಅಪ್ಪಾ. ಬಿಸಿಲು ತಾಗದೆ ಹೀಗೆ ತಂಪಾಗಿದ್ರೆ ನಾಲ್ಕು ವಾರ ಬಳಸಬಹುದು. ಆಮೇಲೆ ಎಸೆಯೋದೇ."

ಬೇಕರಿಯವನು ಮಡಕೆಯೊಳಗೆ ಕೈ ಇಳಿಸಿ, ತುಟಿಯಲ್ಲೇ ದೇವರ ಹೆಸರು ಹೇಳಿದ. ಹೇಳಿ ಮುಗಿಸಿದ, ಇನ್ನೊಮ್ಮೆ ಹೇಳಿದ. ಬೆಳಗಿನ ಹೊತ್ತು ಬಾವಿಕಟ್ಟೆಯ ಮೇಲೆ ಕೈಯಿಟ್ಟಂಥ ತಂಪು. ಎಷ್ಟು ಡಿಗ್ರಿ ಇರಬಹುದೆಂದು ಅಂದಾಜು ಹೇಳಿದ. ಮಗಳು ಥರ್ಮಾಮೀಟರ್ ನೋಡಿ ನಕ್ಕಳು. "ಒಂದು ಹೆಚ್ಚು ಹೇಳಿದೆ."

ಅವನು ನಗಲಿಲ್ಲ. ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಪ್ರಶ್ನೆ ತೆಗೆದ.

"ಬೆಟ್ಟದಲ್ಲಿ ರಾತ್ರಿ ಹೆಪ್ಪುಗಟ್ಟೋ ಚಳಿ ಅಂದೆಯಲ್ಲ?"

"ಒಳಜೇಬಿನಲ್ಲಿಟ್ಟು ಕಂಬಳಿಯೊಳಗೆ ಮಲಗ್ತೀನಿ. ನಾನು ಹೆಪ್ಪುಗಟ್ಟೋವರೆಗೂ ಅದು ಹೆಪ್ಪುಗಟ್ಟೋದಿಲ್ಲ."

"ಹಗಲು ಜೀಪಿನಲ್ಲೇ ಮರೆತು ಬಿಟ್ಟರೆ?"

"ಬಿಸಿಲಲ್ಲಿ ನಿಂತ ಜೀಪು ನಿನ್ನ ಭಟ್ಟಿಗೇನು ಕಡಿಮೆಯಾ? ಅದರಲ್ಲಿ ಬಿಡ್ತೀನಾ? ಚೀಲದಲ್ಲಿ ನನ್ನ ಜೊತೆಗೇ ಇರುತ್ತೆ."

"ಹೊಸ ಸೀಸೆ?"

"ಕೆಳಗಿನ ಪೇಟೆಯ ಆಫೀಸಿನಲ್ಲಿ ಫ್ರಿಜ್ ಇದೆ. ಸಾಮಾನು ತರೋ ಗಾಡಿಯಲ್ಲಿ ಬರುತ್ತೆ. ಬಂದದ್ದು ಐಸಿಗೆ ತಾಗಿತ್ತಾ ಅಂತ ಕೇಳಿಯೇ ತಗೋತೀನಿ. ಅದನ್ನು ನಿನ್ನಿಂದ ಕಲಿತೆ."

ಅಕ್ಕ ಬಾಗಿಲಲ್ಲಿ ನಿಂತು ಮೂಗು ಮುರಿದಳು. "ಮಾತಿಗೇನು, ಅರಳು ಹುರಿದ ಹಾಗೆ ಹಾರುತ್ತೆ. ಜ್ವರ ಬಂದು ಮಲಗಿದರೆ ಯಾರು ಗತಿ?"

"ಮನೆಯಲ್ಲೇ ಇದ್ದಾಗ ಯಾರು ಗತಿಯಾದರು ಅಕ್ಕ?" ಎಂದ ಬೇಕರಿಯವನು. "ನಾನು ಕಲ್ಲು ಮಾಡಿಟ್ಟೆ, ನೀನು ಅದನ್ನೇ ಹಾಕ್ಕೋ ಅಂದೆ."

ಹೆಂಡತಿ ಇದ್ದಿದ್ದರೆ, ಮಗಳು ತನ್ನನ್ನು ತಾನೇ ಕಾಯಬಲ್ಲಳೆಂಬುದನ್ನು ಯಾವಾಗಲೋ ಕಂಡಿರುತ್ತಿದ್ದಳು ಎನಿಸಿತು. ಕಣ್ಣಾಲಿ ತುಂಬಿತು. ಅದು ಬರಿಯ ದುಃಖವಾಗಿರಲಿಲ್ಲ. ಆಕೆ ಕಾದದ್ದು ಸೀಸೆಗಳನ್ನಷ್ಟೇ ಅಲ್ಲ, ಕಾಯುವುದನ್ನು ಮಗಳಿಗೆ ಕಲಿಸಿಯೂ ಹೋಗಿದ್ದಳು. ದೇವರು ತನ್ನಿಂದ ಎಲ್ಲವನ್ನೂ ಕಿತ್ತುಕೊಂಡ ಎಂದು ವರ್ಷದಿಂದ ದೂರುತ್ತಿದ್ದವನು ಮನಸ್ಸಿನಲ್ಲೇ ಕೈಮುಗಿದ.

"ಫೋನ್ ಮಾಡು ಅವರಿಗೆ" ಎಂದ.

ಮಗಳು ಕರೆ ಮಾಡಿ, ಬರುವುದಾಗಿ ಹೇಳಿ, ತನ್ನ ಕಾಯಿಲೆಯ ವಿಷಯವನ್ನೂ ಮುಚ್ಚಿಡದೆ ತಿಳಿಸಿದಳು. ಆ ಕಡೆಯಿಂದ ಮುಖ್ಯಸ್ಥರು ಅನುಮಾನಿಸಿದಂತಿತ್ತು; "ಔಷಧ ನೋಡಿಕೊಳ್ಳೋಕೆ ನಮ್ಮಲ್ಲಿ ಯಾರೂ ಇಲ್ಲವಲ್ಲಮ್ಮ" ಎಂಬ ಮಾತು ಓಣಿಗೆಲ್ಲ ಕೇಳಿಸಿತು.

ಬೇಕರಿಯವನು ಹಿಟ್ಟು ಹತ್ತಿದ ಕೈಯಲ್ಲೇ ಫೋನ್ ಕಸಿದುಕೊಂಡ.

"ನಮಸ್ಕಾರ ಸ್ವಾಮಿ, ನಾನು ಅವಳಪ್ಪ. ನೀವ್ಯಾರೂ ನೋಡಿಕೊಳ್ಳಬೇಕಾಗಿಲ್ಲ, ಅವಳೇ ನೋಡಿಕೊಳ್ತಾಳೆ. ಒಂದೇ ಒಂದು ವಿನಂತಿ. ಆ ವಿಷಯದಲ್ಲಿ ಅವಳಿಗೆ ಬುದ್ಧಿ ಹೇಳೋಕೆ ಮಾತ್ರ ಹೋಗಬೇಡಿ. ನಾನು ಇವತ್ತು ಬೆಳಿಗ್ಗೆ ಹೇಳೋಕೆ ಹೋಗಿ ಬುದ್ಧಿ ಕಲಿತೆ."